ಎಗ್ಮೋರಿನ ಕಡತ, ಕದ್ರಿಯ ಕೂಟ: ಅಧಿಕಾರ ನಡೆಯುವ ಬಗೆ

ದಕ್ಷಿಣ ಕನ್ನಡದ ಇನ್ನೂರು ವರ್ಷ ಹಿಂದಿನ ಕಂದಾಯದ ಕತೆ ತಿಳಿಯಬೇಕೆಂದರೆ ಮಂಗಳೂರಿಗೆ ಹೋದರೆ ಸಾಲದು, ಬೆಂಗಳೂರಿಗೆ ಹೋದರೂ ಸಾಲದು, ಚೆನ್ನೈನ ಎಗ್ಮೋರಿಗೆ ಹೋಗಬೇಕು. ಬಳ್ಳಾರಿಯದೂ ಇದೇ ಪಾಡು. ಎಗ್ಮೋರ್ ರೈಲು ನಿಲ್ದಾಣದ ಆಸುಪಾಸಿನಲ್ಲೇ, ಗಾಂಧಿ-ಇರ್ವಿನ್ ರಸ್ತೆಯಲ್ಲಿ, 1909ರಲ್ಲಿ ಮದ್ರಾಸ್ ರೆಕಾರ್ಡ್ ಆಫೀಸ್ ಎಂದು ಕಟ್ಟಿದ ಕಟ್ಟಡವಿದೆ. ಈಗ ಅದು ತಮಿಳುನಾಡು ಆರ್ಕೈವ್ಸ್. 1799ರಿಂದ 1956ರವರೆಗೆ ದಕ್ಷಿಣ ಕನ್ನಡವನ್ನೂ 1800ರಿಂದ 1953ರವರೆಗೆ ಬಳ್ಳಾರಿಯನ್ನೂ ಆಳಿದ್ದು ಮದ್ರಾಸು. ಆಳಿದವರು ಹೋದರು, ಗಡಿ ಬದಲಾಯಿತು, ಕಾಗದ ಮಾತ್ರ ಅಲ್ಲೇ ಉಳಿಯಿತು.

ರಾಜ್ಯಶಾಸ್ತ್ರವನ್ನು ನಮ್ಮ ಕಾಲೇಜುಗಳಲ್ಲಿ ಹೇಳಿಕೊಡುವ ಕ್ರಮ ವಿಚಿತ್ರ. ರಾಜ್ಯ ಎಂದರೇನು, ಸಾರ್ವಭೌಮತ್ವ ಎಂದರೇನು, ಅದರ ಲಕ್ಷಣಗಳೆಷ್ಟು ಎಂಬಲ್ಲಿಂದ ಶುರುವಾಗಿ ರಾಷ್ಟ್ರಪತಿಯ ಚುನಾವಣೆಯ ವಿಧಾನದವರೆಗೆ ಬಾಯಿಪಾಠ ಮಾಡಿಸುತ್ತಾರೆ. ಪದವಿ ಮುಗಿಸಿದ ಹುಡುಗನಿಗೆ ತನ್ನ ಊರಿನ ಶಾನುಭೋಗರ ಮನೆ ಜಗಲಿಯ ಮೇಲೆ ಜನ ಯಾಕೆ ಕೈಕಟ್ಟಿ ನಿಲ್ಲುತ್ತಿದ್ದರು ಎಂಬುದು ಗೊತ್ತಿರುವುದಿಲ್ಲ. ಆ ಶಾಸ್ತ್ರದ ಮುಖ್ಯ ಪ್ರಶ್ನೆಯೇ ಅದು: ಒಬ್ಬ ಹೇಳಿದ್ದನ್ನು ಇನ್ನೊಬ್ಬ ಯಾಕೆ ಕೇಳುತ್ತಾನೆ? ಈ ಪ್ರಶ್ನೆಗೆ ಕಳೆದ ನೂರು ವರ್ಷದಲ್ಲಿ ಬಂದ ಉತ್ತರಗಳನ್ನು ನೋಡಲು ಎಗ್ಮೋರು ಒಳ್ಳೆಯ ಜಾಗ. ಅಲ್ಲಿಯ ಕಾಗದದಲ್ಲಿ ನಮ್ಮದೇ ಜನ ಇದ್ದಾರೆ.

ಎಗ್ಮೋರಿನ ಚರಿತ್ರೆಯೇ ಒಂದು ಪಾಠ. 1693ರಲ್ಲಿ ತೊಂಡಿಯಾರ್‌ಪೇಟೆ, ಪುರಸವಾಕ್ಕಂಗಳ ಜೊತೆಗೆ ಈ ಹಳ್ಳಿ ದಾನಪತ್ರದ ಮೂಲಕ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕೋಟೆಯೊಳಗಿನ ವ್ಯಾಪಾರಿ ಹಳ್ಳಿಯ ಕಂದಾಯ ಎತ್ತುವವನಾದದ್ದು ಹೀಗೆ. ನೂರು ವರ್ಷ ಕಳೆದ ಮೇಲೆ, 1793ರಲ್ಲಿ, ಇಲ್ಲಿಯ ಪ್ಯಾಂಥಿಯನ್ ಎಂಬ ತೋಟದ ಬಂಗಲೆ ಇಪ್ಪತ್ತನಾಲ್ಕು ಮಂದಿಯ ಒಂದು ಸಮಿತಿಗೆ ಸೇರಿತು. ಊರಿನ ಬಿಳಿಯರ ಔತಣ, ನಾಟಕ, ನೃತ್ಯಗಳನ್ನು ಏರ್ಪಡಿಸುವುದು ಸಮಿತಿಯ ಕೆಲಸ. ಸಿ. ರೈಟ್ ಮಿಲ್ಸ್ ಅಮೆರಿಕದಲ್ಲಿ ಅಧಿಕಾರಸ್ಥ ಗಣ್ಯರ ಬಗ್ಗೆ 1956ರಲ್ಲಿ ಪುಸ್ತಕ ಬರೆದಾಗ ಹೇಳಿದ್ದು ಇಂಥದನ್ನೇ. ಸೇನೆಯವರು, ವ್ಯಾಪಾರದವರು, ಸರ್ಕಾರದವರು ಬೇರೆ ಬೇರೆ ಕಚೇರಿಗಳಲ್ಲಿ ಕೂತಿದ್ದರೂ ಊಟಕ್ಕೆ ಒಂದೇ ಮೇಜಿಗೆ ಬರುತ್ತಾರೆ, ತೀರ್ಮಾನಗಳು ಅರ್ಧ ಅಲ್ಲೇ ಆಗಿರುತ್ತವೆ. ಪ್ಯಾಂಥಿಯನ್ನಿನ ಜಾಗದಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವೂ 1896ರಲ್ಲಿ ತೆರೆದ ಕನ್ನೆಮರಾ ಗ್ರಂಥಾಲಯವೂ ಇವೆ. ಔತಣದ ಮನೆ ಹೋಗಿ ಓದುವ ಮನೆ ಬಂದದ್ದು ಎಗ್ಮೋರಿನ ಪುಣ್ಯ.

ಆ ಗ್ರಂಥಾಲಯದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. 1908ರಲ್ಲಿ ತೆರೆದ ಎಗ್ಮೋರ್ ನಿಲ್ದಾಣದ ವಿನ್ಯಾಸದಲ್ಲೂ ಅವನ ಕೈಯಿದೆ, ನಮ್ಮ ಮೈಸೂರು ಅರಮನೆಯೂ ಅವನದೇ. ಅರಸನ ಮನೆಗೂ ರೈಲಿನ ಮನೆಗೂ ಅದೇ ಗುಮ್ಮಟ, ಅದೇ ಕಮಾನು. 1857ರ ನಂತರ ಬ್ರಿಟಿಷರಿಗೆ ತಾವು ದೊರೆಗಳಂತೆ ಕಾಣಿಸಿಕೊಳ್ಳುವ ಅಗತ್ಯ ಬಿತ್ತು. ಈ ದೇಶದ ಜನ ಯಾವ ಆಕಾರವನ್ನು ಕಂಡು ತಲೆಬಾಗುತ್ತಿದ್ದರೋ ಆ ಆಕಾರವನ್ನೇ ಅವರು ಕಲ್ಲು, ಇಟ್ಟಿಗೆಯಲ್ಲಿ ಎರವಲು ಪಡೆದರು. ಟಿಕೆಟ್ಟಿಗಾಗಿ ಸಾಲಿನಲ್ಲಿ ನಿಂತವನಿಗೆ ಇದು ಯಾವುದೂ ತೋಚುವುದಿಲ್ಲ. ತೋಚದಿರುವುದರಲ್ಲೇ ಅದರ ಸಾಮರ್ಥ್ಯವಿರುವುದು.

ಅಧಿಕಾರಕ್ಕೆ ಇಪ್ಪತ್ತನೇ ಶತಮಾನದ ರಾಜ್ಯಶಾಸ್ತ್ರ ಕೊಟ್ಟ ಅತಿ ಸರಳ ವಿವರಣೆ ರಾಬರ್ಟ್ ಡಾಲ್‌ನದು. ತಾನಾಗಿ ಮಾಡದ ಕೆಲಸವೊಂದನ್ನು ಒಬ್ಬನಿಂದ ಮಾಡಿಸಲು ನನಗೆ ಸಾಧ್ಯವಾದರೆ ಅಷ್ಟರಮಟ್ಟಿಗೆ ಅವನ ಮೇಲೆ ನನಗೆ ಅಧಿಕಾರವಿದೆ ಎಂದು ಅವನು 1957ರಲ್ಲಿ ಬರೆದ. ಇದರ ಗುಣವೆಂದರೆ ಅಧಿಕಾರವನ್ನು ಅದು ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ನೋಡುವುದಿಲ್ಲ, ಇಬ್ಬರ ನಡುವಿನ ಸಂಬಂಧವಾಗಿ ನೋಡುತ್ತದೆ. ದೋಷವೆಂದರೆ ಕಣ್ಣಿಗೆ ಕಾಣುವ ಜಗಳ ಇದ್ದಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಮೊದಲೇ, 1919ರಲ್ಲಿ, ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಮ್ಯಾಕ್ಸ್ ವೆಬರ್ ಇನ್ನೂ ಆಳದ ಮಾತು ಆಡಿದ್ದ. ಬರೀ ಬಲದಿಂದ ಯಾರೂ ಬಹಳ ಕಾಲ ಆಳಲಾರರು, ಆಳುವುದು ನ್ಯಾಯವೆಂದು ಆಳಿಸಿಕೊಳ್ಳುವವರಿಗೆ ಅನ್ನಿಸಬೇಕು. ಹಾಗೆ ಅನ್ನಿಸಲು ಅವನು ಮೂರು ಕಾರಣ ಕೊಟ್ಟ: ಹಿಂದಿನಿಂದ ನಡೆದುಬಂದದ್ದು ಎಂಬ ಭಾವನೆ, ನಾಯಕನೊಬ್ಬನ ವರ್ಚಸ್ಸು, ಮತ್ತು ನಿಯಮ. ಮೂರನೆಯದಕ್ಕೆ ಬೇಕಾದದ್ದು ಕಚೇರಿ, ಗುಮಾಸ್ತ, ಕಡತ.

ನಿಯಮದ ಅಧಿಕಾರ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಯಾವುದೇ ಸರ್ಕಾರಿ ಆದೇಶವನ್ನು ಎತ್ತಿಕೊಳ್ಳಬಹುದು. ಮೇಲೆ ವಿಷಯ. ಕೆಳಗೆ "ಓದಲಾಗಿದೆ" ಎಂದು ಹಿಂದಿನ ಪತ್ರಗಳ ಪಟ್ಟಿ. ಆಮೇಲೆ ಪ್ರಸ್ತಾವನೆ. ಆಮೇಲೆ ಆದೇಶ, ಅದಕ್ಕೊಂದು ಸಂಖ್ಯೆ, ದಿನಾಂಕ. ಕೊನೆಯಲ್ಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂಬ ಸಾಲು, ಅದರಡಿ ಸರ್ಕಾರದ ಅಧೀನ ಕಾರ್ಯದರ್ಶಿಯ ಸಹಿ. ರಾಜ್ಯಪಾಲರು ಆ ಕಾಗದವನ್ನು ಕಂಡೇ ಇರುವುದಿಲ್ಲ. ಸಂವಿಧಾನದ 166ನೇ ವಿಧಿ ಹಾಗೆ ಬರೆಯಬೇಕು ಎನ್ನುತ್ತದೆ, ಹಾಗೆ ಬರೆಯುತ್ತಾರೆ. ಇಡೀ ಪುಟದಲ್ಲಿ "ನಾನು" ಎಂಬ ಮಾತು ಎಲ್ಲೂ ಇಲ್ಲ. ಪರಿಶೀಲಿಸಲಾಗಿದೆ, ತೀರ್ಮಾನಿಸಲಾಗಿದೆ, ಆದೇಶಿಸಲಾಗಿದೆ. ಯಾರು ಪರಿಶೀಲಿಸಿದರು ಎಂದು ಕೇಳಿದರೆ ಬೆರಳು ತೋರಿಸಲು ಮನುಷ್ಯನೇ ಸಿಗುವುದಿಲ್ಲ. ಆದರೂ ಆ ಹಾಳೆ ತಾಲ್ಲೂಕು ಕಚೇರಿಗೆ ತಲುಪಿದ ದಿನ ಒಬ್ಬನ ಪಿಂಚಣಿ ನಿಲ್ಲುತ್ತದೆ, ಇನ್ನೊಬ್ಬನಿಗೆ ವರ್ಗವಾಗುತ್ತದೆ. ಎಗ್ಮೋರಿನ ಕಟ್ಟುಗಳಲ್ಲಿರುವ ಮದ್ರಾಸಿನ ಆದೇಶಗಳೂ ಇದೇ ಜಾತಿಯವು. ಓದಿದ್ದು ಇಂತಿಂಥದ್ದು, ಆದೇಶ ಇಂಥದ್ದು. ಕರ್ನಾಟಕವೇ ಆಗಲಿ ತಮಿಳುನಾಡೇ ಆಗಲಿ, ಕಂಪನಿಯ ಗುಮಾಸ್ತನ ಈ ವ್ಯಾಕರಣವನ್ನು ಬಿಟ್ಟಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ವೆಬರ್ ಓದಿದವರು ಬೇರೆ ವ್ಯಾಖ್ಯಾನ ಬರೆಯಬೇಕಾಗಿಲ್ಲ.

ಈಗ ಕಾಗದದೊಳಕ್ಕೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆ ಕಂಪನಿಗೆ ಬಂತು. ಕಾರವಾರದಿಂದ ಕಾಸರಗೋಡಿನಾಚೆಯವರೆಗಿನ ಕರಾವಳಿಗೆ ಥಾಮಸ್ ಮನ್ರೋ ಕಲೆಕ್ಟರಾದ. ಅವನಿಗೆ ಈ ಕೆಲಸ ಇಷ್ಟವಿರಲಿಲ್ಲ, ಸುಮಾರು ಒಂದು ವರ್ಷದಲ್ಲೇ ಬಿಡಿಸಿಕೊಂಡು ಬಳ್ಳಾರಿ ಸೀಮೆಗೆ ಹೋದ. ಹೋಗುವ ಮೊದಲು, 1800ರ ಮೇ ತಿಂಗಳಲ್ಲಿ, ಕೆನರಾದ ಭೂಮಿಯ ಬಗ್ಗೆ ಅವನು ರೆವಿನ್ಯೂ ಬೋರ್ಡಿಗೆ ಬರೆದ ಪತ್ರ ಭಾರತದ ಆಡಳಿತದ ಚರಿತ್ರೆಯಲ್ಲೇ ಹೆಸರಾದದ್ದು. ಇಲ್ಲಿ ಜಮೀನು ಖಾಸಗಿ ಸ್ವತ್ತು, ಅದಕ್ಕೆ ತಲೆತಲಾಂತರದ ಪತ್ರಗಳಿವೆ, ಮಾರುತ್ತಾರೆ, ಅಡವಿಡುತ್ತಾರೆ ಎಂದು ಅವನು ಗುರುತಿಸಿದ. ವಿಜಯನಗರದ ಕಾಲದ ಲೆಕ್ಕದಿಂದ ಹಿಡಿದು ಬಿದನೂರಿನ ಶಿವಪ್ಪ ನಾಯಕನ ಶಿಸ್ತು ಎಂಬ ಕಂದಾಯ ನಿಗದಿ, ಅದರ ಮೇಲೆ ಹೈದರ್, ಟಿಪ್ಪು ಹೇರಿದ ಶಾಮೀಲು ಎಂಬ ಹೆಚ್ಚುವರಿ ತೆರಿಗೆ, ಎಲ್ಲವನ್ನೂ ಕೆದಕಿ ಬರೆದ.

ಇಷ್ಟೆಲ್ಲ ಕೆದಕಿದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ. ಆಳಬೇಕಾದ ನಾಡು ಮೊದಲು ಕಾಗದದ ಮೇಲೆ ಕಾಣಬೇಕು. ಜೇಮ್ಸ್ ಸ್ಕಾಟ್ ತನ್ನ 1998ರ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಹೇಳಿದ. ಕಾಡು, ಹೊಲ, ಜನರ ಹೆಸರು, ಅಳತೆ ಎಲ್ಲವನ್ನೂ ಪ್ರಭುತ್ವ ತನಗೆ ಓದಲು ಬರುವ ಹಾಗೆ ಸಪಾಟು ಮಾಡುತ್ತದೆ, ಸಪಾಟು ಮಾಡುವಾಗ ಓದಲಾಗದ್ದನ್ನು ಬಿಟ್ಟುಬಿಡುತ್ತದೆ. ಕೆನರಾದಲ್ಲಿ ಕಂಪನಿಗೆ ಕಂಡವನು ವರ್ಗದಾರ, ಅಂದರೆ ಜಮೀನಿನ ಒಡೆಯ. ಅವನ ಹೆಸರಿನಲ್ಲಿ ವರ್ಗ, ಅವನ ಮೇಲೆ ತೀರ್ವೆ. ಅವನ ಕೆಳಗೆ ಕಾಯಂ ಗೇಣಿ ಹಿಡಿದ ಮೂಲಗೇಣಿಯವನು ಮಸುಕು ಮಸುಕಾಗಿ ಕಂಡ. ವರ್ಷ ವರ್ಷಕ್ಕೆ ಒಕ್ಕಲೆಬ್ಬಿಸಬಹುದಾದ ಚಾಲಗೇಣಿಯವನು ಕಾಣಲೇ ಇಲ್ಲವೆನ್ನಬೇಕು.

ಮೂವತ್ತು ವರ್ಷದ ನಂತರ ಆ ವರ್ಗದಾರನೇ ತಿರುಗಿಬಿದ್ದ. 1830ರ ಕೊನೆಗೆ ಕೆನರಾದ ರೈತರು ತೀರ್ವೆ ಕಟ್ಟುವುದಿಲ್ಲ ಎಂದರು. ಬೆಲೆ ಕುಸಿದಿತ್ತು, ಬೆಳೆ ಕೈಗೆ ಹತ್ತಿರಲಿಲ್ಲ, ತೀರ್ವೆ ಮಾತ್ರ ಇಳಿದಿರಲಿಲ್ಲ. ಊರೂರಲ್ಲಿ ಕೂಟಗಳು ಸೇರಿದವು, ಅಲ್ಲಿಂದ ಮಂದಿ ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಬಂದು ದೊಡ್ಡ ಕೂಟ ನಡೆಸಿದರು. ಕಲೆಕ್ಟರ್ ಡಿಕಿನ್ಸನ್ ಬೋರ್ಡಿಗೆ ಬರೆದ, ಬೋರ್ಡು ಸರ್ಕಾರಕ್ಕೆ ಬರೆಯಿತು. ಸ್ಟೋಕ್ಸ್ ಎಂಬ ಅಧಿಕಾರಿ ವಿಚಾರಣೆ ನಡೆಸಿ 1833ರಲ್ಲಿ ವರದಿ ಕೊಟ್ಟ.

ಕೂಟದಲ್ಲಿ ಗಮನಿಸಬೇಕಾದದ್ದು ಅದರ ರೀತಿ. ಯಾರೂ ಕತ್ತಿ ಎತ್ತಲಿಲ್ಲ. ವರ್ಷದ ಕಂದಾಯ ತೀರ್ಮಾನಿಸುವ ಜಮಾಬಂದಿಗೆ ಹೋಗಲಿಲ್ಲ, ಅಷ್ಟೆ. ಕರೆದರೆ ಬರಲಿಲ್ಲ, ಬಂದವರು ಒಬ್ಬೊಬ್ಬರಾಗಿ ಬರದೆ ಗುಂಪಾಗಿ ಬಂದರು, ಕೈಯಲ್ಲಿ ಅರ್ಜಿ ಹಿಡಿದು ಬಂದರು. ತಹಶೀಲ್ದಾರನ ಬಲವೆಲ್ಲ ಇದ್ದದ್ದು ರೈತರನ್ನು ಒಬ್ಬೊಬ್ಬರನ್ನಾಗಿ ಎದುರಿಸುವುದರಲ್ಲಿ. ಹತ್ತು ಹಳ್ಳಿಯವರು ಒಟ್ಟಿಗೆ ಬಂದರೆ ಅವನ ಹತ್ತಿರ ಇದ್ದ ಪೇದೆಗಳೆಷ್ಟು ಮಂದಿ? ಹದಿನಾರನೇ ಶತಮಾನದ ಫ್ರಾನ್ಸಿನಲ್ಲಿ ಎತಿಯೆನ್ ದ ಲಾ ಬೊಯೆಸಿ ಎಂಬ ತರುಣ, ದೊರೆಯನ್ನು ಕೆಡವಲು ಅವನನ್ನು ಮುಟ್ಟಬೇಕಾಗಿಲ್ಲ, ಹೊತ್ತಿರುವುದನ್ನು ನಿಲ್ಲಿಸಿದರೆ ಸಾಕು ಎಂಬ ವಾದ ಹೂಡಿದ್ದ. ಹನ್ನಾ ಆರೆಂಟ್ 1970ರಲ್ಲಿ ಅದನ್ನೇ ಬೇರೆ ದಿಕ್ಕಿನಿಂದ ಹೇಳಿದಳು. ಹಿಂಸೆಗೆ ಆಯುಧ ಸಾಕು, ಅಧಿಕಾರಕ್ಕೆ ಜನ ಬೇಕು, ಒಟ್ಟಾಗಿ ನಡೆಯುವ ಜನ ಎಲ್ಲಿದ್ದಾರೋ ಅಲ್ಲಿ ಅಧಿಕಾರ ಹುಟ್ಟುತ್ತದೆ. ಕದ್ರಿಯ ಕೂಟದವರು ಇವರಿಬ್ಬರನ್ನೂ ಓದಿದವರಲ್ಲ. ಸ್ವಾತಂತ್ರ್ಯ ಚಳವಳಿಯ ಅಸಹಕಾರಕ್ಕಿಂತ ಸುಮಾರು ತೊಂಬತ್ತು ವರ್ಷ ಮುಂಚೆಯೇ ಅದನ್ನು ಹೀಗೆ ನಡೆಸಿ ತೋರಿಸಿದ ಈ ಜನಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟ ಸಿಕ್ಕಿಲ್ಲವೆಂಬುದು ನನ್ನ ಬಹುದಿನದ ತಕರಾರು.

ಅದೇ ಹೊತ್ತಿಗೆ ಘಟ್ಟದ ಮೇಲೆ ನಗರ ಸೀಮೆಯಲ್ಲೂ ರೈತರು ಕೂಟ ಸೇರಿದ್ದರು. ಅಲ್ಲಿ ಅದು ದಂಗೆಯಾಯಿತು, ಬೂದಿ ಬಸವಪ್ಪ ನಗರದ ಅರಸನೆಂದು ಘೋಷಿಸಿಕೊಂಡ. ಅದನ್ನೇ ನೆಪ ಮಾಡಿಕೊಂಡು ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತವನ್ನು ಕಿತ್ತುಕೊಂಡ, ಮೈಸೂರು ಐವತ್ತು ವರ್ಷ ಕಮಿಷನರುಗಳ ಕೈಯಲ್ಲಿತ್ತು. ರೈತರ ಸಿಟ್ಟು ಯಾರ ಮೇಲಿತ್ತೋ ಆ ಅಮಲ್ದಾರರಂಥವರಿಲ್ಲದೆ ಹೊಸ ಸರ್ಕಾರವೂ ನಡೆಯಲಿಲ್ಲ. ಕಾಗದ ಓದಲು ಬರುವವರು ಯಾವ ದೊರೆಗೂ ಬೇಕು.

ಕೂಟದ ಅರ್ಜಿಗಳಲ್ಲಿ ಇಲ್ಲದ್ದೇನು ಎಂಬ ಪ್ರಶ್ನೆಯಲ್ಲಿ ರಾಜ್ಯಶಾಸ್ತ್ರ ಅರ್ಧ ಶತಮಾನದಲ್ಲಿ ನಡೆದ ದಾರಿಯೆಲ್ಲ ಅಡಗಿದೆ. ಡಾಲ್ ಬಂದಿದ್ದರೆ ವರ್ಗದಾರರು ಕೇಳಿದ್ದೇನು, ಬೋರ್ಡು ಕೊಟ್ಟದ್ದೇನು, ಯಾರು ಗೆದ್ದರು ಎಂದು ಲೆಕ್ಕ ಹಾಕುತ್ತಿದ್ದ. 1961ರಲ್ಲಿ ಅವನು ಅಮೆರಿಕದ ನ್ಯೂ ಹೇವನ್ ಪಟ್ಟಣದ ಬಗ್ಗೆ ಬರೆದ ಪುಸ್ತಕ ಹಾಗೆಯೇ ಇದೆ. ಮರುವರ್ಷವೇ ಪೀಟರ್ ಬ್ಯಾಕ್ರಾಕ್, ಮಾರ್ಟನ್ ಬರಾಟ್ಸ್ ಅವನಿಗೆ ಎದುರಾದರು. ಮೇಜಿನ ಮೇಲೆ ನಡೆದ ಜಗಳದಲ್ಲಿ ಗೆದ್ದವನನ್ನು ನೋಡಿದರೆ ಸಾಲದು, ಯಾವ ಜಗಳ ಮೇಜಿನವರೆಗೆ ಬರದಂತೆ ತಡೆದರು ಎಂಬುದನ್ನೂ ನೋಡಬೇಕು ಎಂದರು. ಕೆನರಾದಲ್ಲಿ ತಡೆಗೊಂಡದ್ದು ಗೇಣಿಯ ಜಗಳ. ಕೂಟ ನಡೆಸಿದವರು ಬಹುಮಟ್ಟಿಗೆ ವರ್ಗದಾರರೇ. ತೀರ್ವೆ ಇಳಿಸಿ ಎಂದರು, ಗೇಣಿ ಇಳಿಸುತ್ತೇವೆ ಎನ್ನಲಿಲ್ಲ. ಕಂಪನಿಯೂ ಕೇಳಲಿಲ್ಲ.

ಸ್ಟೀವನ್ ಲೂಕ್ಸ್ 1974ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಚಾಲಗೇಣಿಯವನಿಗೆ ತನ್ನ ಪಾಡು ಅನ್ಯಾಯವೆಂದೇ ಅನ್ನಿಸದಿದ್ದರೆ? ಧಣಿಯ ಮನೆಗೆ ಹಬ್ಬದ ಕಾಣಿಕೆ ಒಯ್ಯುವುದು, ಅಂಗಳದಾಚೆ ನಿಲ್ಲುವುದು ಎಲ್ಲವೂ ಮಳೆ ಬಿಸಿಲಿನಷ್ಟೇ ಸಹಜವೆಂದು ತೋರುತ್ತಿದ್ದರೆ? ಅತಿ ದೊಡ್ಡ ಅಧಿಕಾರವೆಂದರೆ ಎದುರಿನವನ ಆಸೆಯನ್ನೇ ತಿದ್ದುವುದು ಎಂಬುದು ಲೂಕ್ಸ್‌ನ ನಿಲುವು. ಮುಸೊಲಿನಿಯ ಜೈಲಿನಲ್ಲಿ ಕೂತು ಗ್ರಾಮ್ಷಿ ಬರೆದ ಟಿಪ್ಪಣಿಗಳಲ್ಲೂ ಇದರ ಬೀಜವಿದೆ. ಸ್ಕಾಟ್ ಇದನ್ನು ಪೂರ್ತಿ ಒಪ್ಪಲಿಲ್ಲ. ಬಡವರಿಗೆ ಅನ್ಯಾಯ ಗೊತ್ತಿದೆ, ಬಾಯಿ ಬಿಟ್ಟರೆ ಹೊಟ್ಟೆಗೆ ಕುತ್ತು ಬರುತ್ತದೆಂದು ಸುಮ್ಮನಿದ್ದಾರೆ, ಸುಮ್ಮನಿರುತ್ತಲೇ ಅಳತೆಯಲ್ಲಿ ಕದಿಯುತ್ತಾರೆ, ಕೆಲಸದಲ್ಲಿ ನಿಧಾನ ಮಾಡುತ್ತಾರೆ, ಬೆನ್ನ ಹಿಂದೆ ನಗುತ್ತಾರೆ ಎಂದು ಮಲೇಷ್ಯಾದ ಹಳ್ಳಿಯೊಂದರಲ್ಲಿ ಕಂಡದ್ದನ್ನು 1985ರಲ್ಲಿ ಬರೆದ. ಕರಾವಳಿಯ ಪಾಡ್ದನ ಕೇಳಿದವರು, ಭೂತಕೋಲದಲ್ಲಿ ದೈವ ಧಣಿಯನ್ನು ಎಲ್ಲರೆದುರು ದಬಾಯಿಸುವುದನ್ನು ಕಂಡವರು ಸ್ಕಾಟ್‌ನ ಕಡೆಗೇ ವಾಲುತ್ತಾರೆ. ನಾನೂ ಹಾಗೇ. ಆದರೆ ದೈವ ದಬಾಯಿಸಿದ ಮರುದಿನವೂ ಗೇಣಿ ಅಷ್ಟೇ ಇತ್ತಲ್ಲ ಎಂದು ಲೂಕ್ಸ್ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಆ ಗೇಣಿ ಮೇಜಿನ ಮೇಲೆ ಬಂದದ್ದು ಲೂಕ್ಸ್‌ನ ಪುಸ್ತಕ ಬಂದ ವರ್ಷವೇ, ಇದು ಬರಿಯ ಕಾಕತಾಳೀಯ. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ದಕ್ಷಿಣ ಕನ್ನಡದಲ್ಲಿ ಅರ್ಜಿಗಳು ರಾಶಿ ಬಿದ್ದವು. ಧಣಿಯ ಎದುರು ತಲೆ ಎತ್ತದವನು ಮಂಡಳಿಯ ಮುಂದೆ ನಿಂತು ಈ ಗದ್ದೆ ನಾನು ಉತ್ತದ್ದು ಎಂದು ಹೇಳಿದ. ಕಂಪನಿಯ ಕಾಗದ ಕಾಣದೇ ಹೋದವನು ನೂರ ಎಪ್ಪತ್ತು ವರ್ಷ ಕಳೆದು ಇನ್ನೊಂದು ಕಾಗದದಲ್ಲಿ ಕಾಣಿಸಿಕೊಂಡ.

ಕಾಗದ, ಒಪ್ಪಿಗೆ ಎಂದೆಲ್ಲ ಹೇಳುವಾಗ ಲಾಠಿಯನ್ನು ಮರೆಯಬಾರದು. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಅಮರ-ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಅಲ್ಲಿಯವರೆಗೆ ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಿ ಎಂದಿತು. ನಗದು ಬೇಕೆಂದರೆ ಸಾಹುಕಾರನ ಬಾಗಿಲಿಗೆ ಹೋಗಬೇಕು. 1837ರ ಏಪ್ರಿಲಿನಲ್ಲಿ, ಈ ಸಿಟ್ಟಿನಲ್ಲಿ ಎದ್ದ ಕಲ್ಯಾಣಪ್ಪ ಎಂಬ ಬಂಡಾಯಗಾರನ ದಂಡು ಮಂಗಳೂರನ್ನೇ ಹಿಡಿಯಿತು, ಜೈಲು ತೆರೆಯಿತು, ಕಚೇರಿಗೆ ಬೆಂಕಿ ಇಟ್ಟಿತು. ಸುಮಾರು ಎರಡು ವಾರದಲ್ಲಿ ಕಂಪನಿಯ ಸೈನ್ಯ ಬಂತು, ನೇಣುಗಳಾದವು. ಕೂಟಕ್ಕೆ ವಿಚಾರಣೆ, ದಂಡಿಗೆ ನೇಣು ಎಂಬ ಈ ವ್ಯತ್ಯಾಸ ಪ್ರಭುತ್ವಕ್ಕೆ ಎಲ್ಲ ಕಾಲದಲ್ಲೂ ಚೆನ್ನಾಗಿ ಗೊತ್ತು.

ದಿನನಿತ್ಯದ ಹಿಂಸೆ ಬೇರೆಯೇ ಇತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ಎತ್ತುವವನೇ ಪೊಲೀಸು. ಬಾಕಿ ಉಳಿಸಿಕೊಂಡವನನ್ನು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುವುದು, ಬೆರಳನ್ನು ಮರದ ಇಕ್ಕಳದಲ್ಲಿ ಒತ್ತುವುದು ಕಚೇರಿಯ ವಾಡಿಕೆಯೇ ಆಗಿತ್ತೆಂದು 1855ರ ಚಿತ್ರಹಿಂಸೆ ಆಯೋಗದ ವರದಿ ಬಯಲು ಮಾಡಿತು. ವಕೀಲ ಜಾನ್ ಬ್ರೂಸ್ ನಾರ್ಟನ್ ಆಯೋಗದ ಸದಸ್ಯರಲ್ಲೊಬ್ಬ. 1859ರ ಮದ್ರಾಸ್ ಪೊಲೀಸ್ ಕಾಯಿದೆ ಕಂದಾಯದವನ ಕೈಯಿಂದ ಲಾಠಿ ಕಿತ್ತು ಬೇರೊಂದು ಇಲಾಖೆಗೆ ಕೊಟ್ಟಿತು. ಮದ್ರಾಸ್ ನಗರಕ್ಕೆ ಬೇರೆ ಕಮಿಷನರ್, ಅವನ ಕಚೇರಿ ಎಗ್ಮೋರಿನ ಪ್ಯಾಂಥಿಯನ್ ರಸ್ತೆಯಲ್ಲಿ. 2013ರಲ್ಲಿ ಕಚೇರಿ ವೇಪೇರಿಗೆ ಹೋಯಿತು, ಹಳೆಯ ಕಟ್ಟಡ 2021ರಿಂದ ಪೊಲೀಸ್ ಮ್ಯೂಸಿಯಂ. ಬಂದೂಕು, ಬ್ಯಾಡ್ಜು, ಬ್ಯಾಂಡುಗಳು ನೋಡಲು ಚೆಂದ. ಪೊಲೀಸು ಹುಟ್ಟಿದ್ದು ಯಾವ ನಾಚಿಕೆಯಿಂದ ಎಂಬುದನ್ನು ತಿಳಿಯಲು ಮಾತ್ರ ಆ 1855ರ ವರದಿಯನ್ನೇ ತಿರುವಿಹಾಕಬೇಕು. ಅಧಿಕಾರ ಮೈಗೆ ಹೊಡೆಯುವುದನ್ನು ಬಿಟ್ಟು ಮೈಯನ್ನು ಸಾಲಿನಲ್ಲಿ ನಿಲ್ಲಿಸಲು ಕಲಿತ ಕತೆಯನ್ನು ಮಿಶೆಲ್ ಫೂಕೋ 1975ರಲ್ಲಿ ಯುರೋಪಿನ ಬಗ್ಗೆ ಬರೆದ. ನಮ್ಮಲ್ಲಿ ಎರಡೂ ಜೊತೆಯಲ್ಲೇ ನಡೆದವು, ನಡೆಯುತ್ತಲೂ ಇವೆ. ಚೆನ್ನೈಯಲ್ಲಿ ಈಗಲೂ ಮೆರವಣಿಗೆ, ಸಭೆ ನಡೆಸುವವರು 1888ರ ನಗರ ಪೊಲೀಸ್ ಕಾಯಿದೆಯ 41ನೇ ಸೆಕ್ಷನ್ನಿನಡಿ ಮೊದಲೇ ಅರ್ಜಿ ಹಾಕಬೇಕು. ಕದ್ರಿಯ ಕೂಟ ಇವತ್ತು ಸೇರುವುದಾದರೆ ಅನುಮತಿ ಪತ್ರ ಕೇಳಬೇಕಾದೀತು.

ಇಷ್ಟು ಹೊತ್ತು ಬಂದ ಹೆಸರುಗಳೆಲ್ಲ ಪಶ್ಚಿಮದವು. ಆದರೆ ರೆಕಾರ್ಡ್ ಆಫೀಸಿನ ಕಟ್ಟಡವಾದ 1909ರಲ್ಲೇ ಮೈಸೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದರು. ತಂಜಾವೂರು ಕಡೆಯ ಪಂಡಿತರೊಬ್ಬರು ಲೈಬ್ರರಿಗೆ ತಂದುಕೊಟ್ಟ ತಾಳೆಗರಿಯಲ್ಲಿ ಅದು ಅಡಗಿತ್ತು. ಭಾರತೀಯರಿಗೆ ರಾಜ್ಯಚಿಂತನೆಯೇ ಇರಲಿಲ್ಲ ಎನ್ನುತ್ತಿದ್ದವರ ಬಾಯಿ ಆಮೇಲೆ ಸ್ವಲ್ಪ ಸಣ್ಣದಾಯಿತು. ಕೌಟಿಲ್ಯನಿಗೆ ರಾಜ್ಯವೆಂದರೆ ಏಳು ಅಂಗ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಅಧಿಕಾರಿಗಳು ಬೊಕ್ಕಸದ ಹಣ ಕದಿಯುವ ನಲವತ್ತು ದಾರಿಗಳನ್ನು ಅವನು ಪಟ್ಟಿ ಮಾಡುತ್ತಾನೆ. ಆ ಪಟ್ಟಿ ಓದಿದರೆ ಅವನೂ ಕಚೇರಿಯ ಒಳಗೆ ಕೂತು ಬರೆದವನೆಂದು ಖಾತ್ರಿಯಾಗುತ್ತದೆ. ಅವನಲ್ಲಿ ಇಲ್ಲದ್ದು ಕದ್ರಿ. ಜನಪದ ಅವನಿಗೆ ಕಾಯಬೇಕಾದ, ಬೆಳೆಸಬೇಕಾದ ಸಂಪತ್ತು. ಮುನಿದರೆ ಅಪಾಯ ಎಂಬುದೂ ಅವನಿಗೆ ಗೊತ್ತು. ತಾನಾಗಿ ಸಭೆ ಸೇರಿ ಷರತ್ತು ಹಾಕುವ ಜನ ಮಾತ್ರ ಅವನ ಲೆಕ್ಕದಲ್ಲಿಲ್ಲ.

ಜನ ಲೆಕ್ಕಕ್ಕೆ ಬಂದದ್ದು ಓಟಿನಿಂದ. ಓಟು ಬಂದ ಮೇಲೆ ಅಧಿಕಾರ ಹಳ್ಳಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹೇಳುವ ಎರಡು ಮಾತುಗಳನ್ನು ಜಗತ್ತಿಗೆ ಕೊಟ್ಟವರು ಮೈಸೂರಿನ ಎಂ. ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಂಗಿದರು, ಬರಹದಲ್ಲಿ ಅದನ್ನು ರಾಂಪುರವೆಂದು ಕರೆದರು. 1955ರ ಪ್ರಬಂಧದಲ್ಲಿ ವೋಟ್ ಬ್ಯಾಂಕ್, 1959ರಲ್ಲಿ ಪ್ರಬಲ ಜಾತಿ. ಸಂಖ್ಯೆಯಲ್ಲಿ ಹೆಚ್ಚು, ಜಮೀನು ಕೈಯಲ್ಲಿ, ಓದಿದ ನಾಲ್ಕು ಹುಡುಗರು ಪಟ್ಟಣದಲ್ಲಿ, ಹೀಗಿರುವ ಜಾತಿ ಶಾಸ್ತ್ರದ ಮೆಟ್ಟಿಲಿನ ತುದಿಯಲ್ಲಿ ಇರದಿದ್ದರೂ ಊರಿನ ಯಜಮಾನಿಕೆ ಅದರದು. ಈಗಿನ ಟಿವಿ ಚರ್ಚೆಗಳಲ್ಲಿ ವೋಟ್ ಬ್ಯಾಂಕ್ ಎಂದರೆ ಬಡವರ, ಅಲ್ಪಸಂಖ್ಯಾತರ ಓಟು ಎಂಬಂತೆ ಬಳಸುತ್ತಾರೆ. ಶ್ರೀನಿವಾಸ್ ಹೇಳಿದ್ದು ತನ್ನ ಒಕ್ಕಲು, ಸಾಲಗಾರ, ನೆಂಟರ ಓಟನ್ನು ಕಟ್ಟಿಟ್ಟುಕೊಂಡಿದ್ದ ಯಜಮಾನನ ಬಗ್ಗೆ. ಬೈಗುಳ ದಿಕ್ಕು ತಪ್ಪಿದೆ.

ಜಾತಿ ಮತ್ತು ಅಧಿಕಾರದ ವಿಷಯದಲ್ಲಿ ಮದ್ರಾಸು, ಮೈಸೂರು ಎರಡೂ ಇದಕ್ಕಿಂತ ಮೊದಲೇ ಹೆಜ್ಜೆ ಇಟ್ಟಿದ್ದವು. ಜಸ್ಟಿಸ್ ಪಾರ್ಟಿಯ ಸರ್ಕಾರ 1921ರಲ್ಲಿ ಸರ್ಕಾರಿ ಹುದ್ದೆಗಳನ್ನು ಸಮುದಾಯವಾರು ಹಂಚುವ ಮೊದಲ ಕಮ್ಯುನಲ್ ಜಿ.ಓ. ಹೊರಡಿಸಿತು. ಮೈಸೂರಿನಲ್ಲಿ 1918ರಲ್ಲೇ ಲೆಸ್ಲಿ ಮಿಲ್ಲರ್ ಸಮಿತಿ ಕೂತಿತ್ತು. ಸರ್ಕಾರಿ ಕಚೇರಿಯ ಕುರ್ಚಿ ಯಾರ ಪಾಲು ಎಂಬುದೇ ಎರಡೂ ಕಡೆ ಪ್ರಶ್ನೆ. ಕಡತವೇ ಅಧಿಕಾರವಾದ ನಾಡಿನಲ್ಲಿ ಕಡತ ಬರೆಯುವ ಕೈ ಯಾವ ಜಾತಿಯದು ಎಂದು ಕೇಳದೆ ರಾಜಕೀಯ ಶುರುವಾಗುವುದಾದರೂ ಹೇಗೆ? ಎಗ್ಮೋರಿನ ಮಗ್ಗುಲಲ್ಲೇ, ವೇಪೇರಿಯ ಪೆರಿಯಾರ್ ತಿಡಲಿನಿಂದ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಇ. ವಿ. ರಾಮಸ್ವಾಮಿಯವರ ಮನೆಮಾತು ಕನ್ನಡ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಜಿ.ಓ.ವನ್ನು ಹೊಡೆದುಹಾಕಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ಹಿಂದುಳಿದ ವರ್ಗಗಳ ಬಗ್ಗೆ ನಮ್ಮ ಹಾವನೂರು ಆಯೋಗ ಕೊಟ್ಟ 1975ರ ವರದಿಯ ಬೇರು ಇಲ್ಲಿದೆ.

ಗಡಿಯ ವಿಷಯ ದೊಡ್ಡದು, ಇಲ್ಲಿ ಅದರ ಒಂದು ಎಳೆ ಸಾಕು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕು ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ, ಕೊಳ್ಳೇಗಾಲ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ. ಕಾಸರಗೋಡಿನವರು ಅಂದಿನಿಂದ ಇಂದಿನವರೆಗೆ ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲೇ ಹೇಳಿತು. ಕೇಂದ್ರ ಸರ್ಕಾರ ಅದನ್ನು ತಿರಸ್ಕರಿಸಲೂ ಇಲ್ಲ, ಜಾರಿ ಮಾಡಲೂ ಇಲ್ಲ. ಬ್ಯಾಕ್ರಾಕ್, ಬರಾಟ್ಸ್ ಹೇಳಿದ್ದಕ್ಕೆ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ಕಾಗದ ಹೋಗಿ ಕಂಪ್ಯೂಟರು ಬಂದಿದೆ. ಕರ್ನಾಟಕದ ಭೂಮಿ ಯೋಜನೆ 2000ದ ಸುಮಾರಿಗೆ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮಲೆಕ್ಕಿಗನ ಚೀಲದಲ್ಲಿದ್ದ ಪುಸ್ತಕ ತಾಲ್ಲೂಕು ಕೇಂದ್ರದ ಕಿಯಾಸ್ಕಿಗೆ ಬಂತು, ಅವನ ಮರ್ಜಿ ಕಾಯುವುದು ತಪ್ಪಿತು. ಇದು ಸಣ್ಣ ಲಾಭವಲ್ಲ. ಆದರೆ ಹಳ್ಳಿಯಲ್ಲಿ ಒಂದು ಮಾತಿನಲ್ಲಿ ಮುಗಿಯುತ್ತಿದ್ದ ತಿದ್ದುಪಡಿಗೆ ತಾಲ್ಲೂಕಿಗೆ ಅಲೆಯಬೇಕಾಯಿತು, ಅಲೆಯಲು ಸಮಯವೂ ಹಣವೂ ಇದ್ದವರಿಗೆ, ದೂರದ ಪಟ್ಟಣದಿಂದ ಜಮೀನು ಹುಡುಕುತ್ತ ಬಂದವರಿಗೆ ಅನುಕೂಲವಾಯಿತು ಎಂದು ಬೆಂಗಳೂರು ಸುತ್ತಲಿನ ಹಳ್ಳಿಗಳನ್ನು ನೋಡಿದ ಸಂಶೋಧಕರು 2007ರಲ್ಲಿ ತಕರಾರು ಎತ್ತಿದರು. ಮನ್ರೋ ಕಾಣದವರು ಹೊಸ ಪರದೆಯಲ್ಲೂ ಕಾಣಲಿಲ್ಲ. ಸರ್ಕಾರಿ ಜಮೀನು ಉತ್ತು ಬದುಕುತ್ತಿರುವ ಬಗರ್ ಹುಕುಂ ರೈತರು ಮೊದಲು ನಮೂನೆ 50 ತುಂಬಿದರು, ಆಮೇಲೆ 53, ಆಮೇಲೆ 57. ಹಳ್ಳಿಯಲ್ಲಿ ಈ ಸಂಖ್ಯೆಗಳನ್ನು ಊರ ಹೆಸರಿನ ಹಾಗೆ ಹೇಳುತ್ತಾರೆ: ನಮ್ಮದು ಐವತ್ಮೂರರಲ್ಲಿದೆ, ಅವರದು ಐವತ್ತೇಳು. ಅರ್ಜಿಯನ್ನು ನೋಡುವ ತಾಲ್ಲೂಕು ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ಕಡತ ಮಂಡಿಸುವವರು ತಹಶೀಲ್ದಾರರು. ಸಮಿತಿ ಯಾವಾಗ ಸೇರುತ್ತದೆ ಎಂಬುದು ಚುನಾವಣೆ ಎಷ್ಟು ಹತ್ತಿರವಿದೆ ಎಂಬುದನ್ನು ನೋಡಿಕೊಂಡಿರುತ್ತದೆ.